ಪೌರತ್ವಕ್ಕೆ ಎರಡು ಕ್ರೆಡಿಟ್

ಪೌರತ್ವವನ್ನು ಈಗ ಪ್ರಾಜೆಕ್ಟ್ ಮಾಡಿಸಿ, ಡಿಗ್ರಿಯ ಲೆಕ್ಕಕ್ಕೆ ಎರಡು ಕ್ರೆಡಿಟ್ ಕೊಟ್ಟು ಕಲಿಸುವ ಕಾಲ. ಅದಕ್ಕೆಂದೇ ವಿಶ್ವವಿದ್ಯಾಲಯದಲ್ಲೊಂದು ಸಂಶೋಧನಾ ಕೇಂದ್ರ, ಕೇಂದ್ರಕ್ಕೊಬ್ಬ ಪ್ರಭಾರ ನಿರ್ದೇಶಕರು, ಅವರಿಗೊಂದು ತಿರುಗುವ ಕುರ್ಚಿ. ಉಳಿದ ಹುದ್ದೆಗಳೆಲ್ಲ ಖಾಲಿ. ಹಕ್ಕುಗಳ ಪಾಠ ಹೇಳುವವರು ಆರು ತಿಂಗಳಿಂದ ಸಂಬಳ ಕಾಣದ ಅತಿಥಿ ಉಪನ್ಯಾಸಕರು.

ವಿಧಾನವೇನೋ ಚೆಂದವೇ. ವಿದ್ಯಾರ್ಥಿಗಳು ಸಾರ್ವಜನಿಕ ಸಮಸ್ಯೆಯೊಂದನ್ನು ಹುಡುಕಬೇಕು, ದಾಖಲೆ ಕಲೆಹಾಕಬೇಕು, ಸಂಬಂಧಪಟ್ಟವರನ್ನು ಕೇಳಬೇಕು, ಪರಿಹಾರ ಸೂಚಿಸಬೇಕು. ಒಂದು ತಂಡ ಇದನ್ನು ನಿಜವೆಂದೇ ನಂಬಿಬಿಟ್ಟಿತು! ಹಾಸ್ಟೆಲ್ ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ, 10 ರೂಪಾಯಿ ಶುಲ್ಕ ಕಟ್ಟಿ, ಕುಲಸಚಿವರ ಕಚೇರಿಗೇ ಅರ್ಜಿ ಹಾಕಿತು. ಉತ್ತರ ಕೊಡಲು ಕಾಯ್ದೆಯಲ್ಲಿ 30 ದಿನ ಗಡುವಿದೆ. ಕಾರಣ ಕೇಳುವ ನೋಟಿಸ್ ಮೂರೇ ದಿನಕ್ಕೆ ಬಂತು.

ನಿರ್ದೇಶಕರು ಕರೆಸಿ ಬುದ್ಧಿ ಹೇಳಿದರು: "ಏನ್ರಪ್ಪಾ, ಸಮಸ್ಯೆ ಹುಡುಕಿ ಅಂದ್ರೆ ಇಲ್ಲೇ ಹುಡುಕೋದಾ? ದತ್ತು ಹಳ್ಳಿಗಳು ಇರೋದ್ಯಾಕೆ?"

ಅದೂ ಸರಿ. ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಐದೈದು ಹಳ್ಳಿಗಳನ್ನು ದತ್ತು ಪಡೆಯುತ್ತವೆ. ತಾವು ದತ್ತು ಹೋಗಿರುವುದು ಹಳ್ಳಿಯವರಿಗೆ ಗೊತ್ತಾಗುವುದು ಬ್ಯಾನರ್ ಕಟ್ಟಿದ ದಿನ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಬಸ್ಸು ತುಂಬಾ ಮಕ್ಕಳು ಬಂದು, ಪ್ರಶ್ನಾವಳಿ ತುಂಬಿಸಿಕೊಂಡು, ಜಿಯೋಟ್ಯಾಗ್ ಫೋಟೊ ಹೊಡೆದುಕೊಂಡು, ಚಿತ್ರಾನ್ನ ತಿಂದು ಹೋಗುತ್ತಾರೆ. ಒಬ್ಬ ಅಜ್ಜಿ ಅಂದಳಂತೆ: "ಹ್ವಾದ ವರ್ಷದ್ದೇ ಬರ್ಕೊಳ್ಳಿ ಮಗಾ, ಚರಂಡಿ ಹಂಗೇ ಐತೆ." ಕೇಂದ್ರದ ವರದಿಯಲ್ಲಿ ಇದು 'ಸಮುದಾಯದ ನಿರಂತರ ಸಹಭಾಗಿತ್ವ' ಎಂದು ದಾಖಲಾಗಿದೆ.

ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಷೇಧವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಾಗಾಗಿ ಡಿಗ್ರಿ ಓದುವ ಹುಡುಗಿ ಲೋಕಸಭೆಗೆ ಯಾರು ಹೋಗಬೇಕೆಂದು ತೀರ್ಮಾನಿಸಬಹುದು. ತರಗತಿಯ ಪ್ರತಿನಿಧಿ ಯಾರೆಂಬುದನ್ನು ಮಾತ್ರ ವಿಭಾಗದ ಮುಖ್ಯಸ್ಥರು ತೀರ್ಮಾನಿಸುತ್ತಾರೆ. ಗಲಾಟೆಯಾಗುತ್ತದೆ ಎಂಬುದು ಕಾರಣ. ವಿಧಾನಸಭೆ ಚುನಾವಣೆಯಂತೂ ಸತ್ಯನಾರಾಯಣ ಪೂಜೆಯಷ್ಟು ಶಾಂತವಾಗಿ ನಡೆಯುತ್ತದೆ, ಪಾಪ.

ಈ ಕೊರತೆ ನೀಗಲೆಂದು ಕೇಂದ್ರವು ಮತದಾರರ ದಿನದಂದು ಅಣಕು ಚುನಾವಣೆ ಏರ್ಪಡಿಸಿತ್ತು. ಯಾರ ಮನಸ್ಸಿಗೂ ನೋವಾಗದಿರಲೆಂದು ಮಾವು, ಬಾಳೆ, ಹಲಸನ್ನು ಕಣಕ್ಕಿಳಿಸಲಾಗಿತ್ತು. ಬೆರಳಿಗೆ ಶಾಯಿ, ಸರದಿ ಸಾಲು, ಸೆಲ್ಫಿ ಎಲ್ಲ ಸಾಂಗವಾಗಿ ನೆರವೇರಿದವು. ಹಾಸ್ಟೆಲ್ ಹುಡುಗರು ಹಲಸಿನ ಪರ ಒಗ್ಗಟ್ಟಾಗಿದ್ದಾರೆಂಬ ಸುಳಿವು ಸಿಕ್ಕಿದ್ದರಿಂದ ಮತ ಎಣಿಕೆಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯ ತೀರ್ಮಾನಕ್ಕೆ ಕಾಯ್ದಿರಿಸಲಾಗಿದೆ.