ಪರ-ವಿರೋಧ: ಬ್ರೌನ್ ತೀರ್ಪಿನ ಕೀರ್ತಿ ಮೊದಲು ಹ್ಯೂಸ್ಟನ್‌ಗೆ ಸಲ್ಲಬೇಕೇ?

ಪರ

ಖಂಡಿತ ಸಲ್ಲಬೇಕು. ಕಪ್ಪು ಮಕ್ಕಳಿಗೆ ಬೇರೆ, ಬಿಳಿ ಮಕ್ಕಳಿಗೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1954ರ ಮೇ 17ರಂದು, ಬ್ರೌನ್ ಮೊಕದ್ದಮೆಯ ತೀರ್ಪಿನಲ್ಲಿ. ಗೆದ್ದ ವಕೀಲ ಥರ್ಗುಡ್ ಮಾರ್ಷಲ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರನ್ನು ತಿದ್ದಿ ತೀಡಿದ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಆ ದಿನ ನೋಡಲಿಲ್ಲ. 1950ರಲ್ಲೇ, 54ನೇ ವಯಸ್ಸಿಗೆ ತೀರಿಕೊಂಡಿದ್ದರು.

1929ರಲ್ಲಿ ಹ್ಯೂಸ್ಟನ್ ಹೊಣೆ ಹೊತ್ತಾಗ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಾಗಿ ಓದುತ್ತಿದ್ದ ವಾಷಿಂಗ್ಟನ್‌ನ ಹೊವರ್ಡ್ ಲಾ ಕಾಲೇಜು ಸಂಜೆ ಕಾಲೇಜಾಗಿತ್ತು. ಅದನ್ನು ಪೂರ್ಣಾವಧಿಯ ಕಾಲೇಜು ಮಾಡಿ, 1931ರಲ್ಲಿ ಮಾನ್ಯತೆ ತಂದರು. ವಕೀಲ ಸಮಾಜ ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲದಿದ್ದರೆ ಅವನು ಪರೋಪಜೀವಿ ಎನ್ನುತ್ತಿದ್ದರು.

ಅವರ ಲೆಕ್ಕಾಚಾರ ನೋಡಿ. ಬೇರೆ ಬೇರೆ ಇಡಬಹುದು, ಆದರೆ ಎರಡೂ ಸಮಾನವಾಗಿರಬೇಕು ಎಂಬುದು ಆಗಿನ ಕಾನೂನು. ಮೊದಲ ಏಟು ಸಣ್ಣ ಮಕ್ಕಳ ಶಾಲೆಗಲ್ಲ, ಲಾ ಕಾಲೇಜಿಗೆ. ಕಪ್ಪು ಜನಕ್ಕೆ ಬೇರೆ ಲಾ ಕಾಲೇಜು ಕಟ್ಟುವುದು ರಾಜ್ಯಗಳಿಗೆ ದುಬಾರಿ. ಒಳ್ಳೆಯ ಲಾ ಕಾಲೇಜು ಎಂದರೇನು ಅಂತ ಜಡ್ಜುಗಳಿಗೆ ಬಿಡಿಸಿ ಹೇಳಬೇಕಿಲ್ಲ. 1936ರಲ್ಲಿ ಮೇರಿಲ್ಯಾಂಡ್, 1938ರಲ್ಲಿ ಮಿಸೌರಿ, ಎರಡೂ ಕಡೆ ಗೆದ್ದರು. ದಕ್ಷಿಣ ಕೆರೊಲಿನಾದಲ್ಲಿ ಕ್ಯಾಮೆರಾ ಹಿಡಿದು ಕಪ್ಪು ಮಕ್ಕಳ ಮುರುಕಲು ಶಾಲೆಗಳನ್ನು ಚಿತ್ರೀಕರಿಸಿದರು.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಸೀನಿಯರ್ ಜಮೀನಿನ ದಾವೆ ಬರೆಯುವ ಮೊದಲು, "ನಾಲ್ಕೂ ಚೆಕ್ಕುಬಂದಿ ನೋಡ್ಕೊಂಡು ಬಾಮ್ಮ" ಎಂದು ಕಳಿಸುತ್ತಿದ್ದರು. ಬಿಸಿಲಲ್ಲಿ ಬದು ತುಳಿದು ಬಂದರೆ ನನಗೇ ಪಾಟೀಸವಾಲು. ಬಾವಿ ಯಾರ ಕಡೆಗಿದೆ? ಬೇಲಿ ಹಳೆಯದೋ ಹೊಸದೋ? ನೀರು ಕುಡಿಯಲೂ ಬಿಡುತ್ತಿರಲಿಲ್ಲ. ಇವತ್ತು ಕೋರ್ಟಿನಲ್ಲಿ ಜಡ್ಜು ತಟ್ಟನೆ ಏನು ಕೇಳಿದರೂ ನಾನು ತಡವರಿಸುವುದಿಲ್ಲ ಎಂದರೆ ಅದು ಅವರ ಪುಣ್ಯ. ಬೀದಿ ಹೋರಾಟದಿಂದಲೇ ಎಲ್ಲ ಆಯಿತು ಎನ್ನುವವರು ಕೋರ್ಟಿನ ಮೆಟ್ಟಿಲು ಹತ್ತಿ ನೋಡಬೇಕು. ಘೋಷಣೆ ಕೂಗಿದರೆ ತೀರ್ಪು ಬರುವುದಿಲ್ಲ.

ವಿರೋಧ

ಹ್ಯೂಸ್ಟನ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಪಾಲು ಅವರದ್ದೇ ಎನ್ನುವುದು ಜಾಸ್ತಿಯಾಯಿತು. ಗುರು ಹೇಳಿದ್ದರಿಂದಲೇ ಎಲ್ಲ ನಡೆಯಿತು ಎಂದರೆ ಉಳಿದವರು ಸುಮ್ನೆ ನಿಂತಿದ್ದರು ಎಂದಂತೆ ಅಲ್ವಾ?

1951ರಲ್ಲಿ ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ 16 ವರ್ಷದ ಕಪ್ಪು ಹುಡುಗಿ ಬಾರ್ಬರಾ ಜಾನ್ಸ್ ತನ್ನ ಶಾಲೆಯ ಮಕ್ಕಳನ್ನೆಲ್ಲ ಸಭೆ ಸೇರಿಸಿ ತರಗತಿ ಬಿಟ್ಟು ಹೊರಗೆ ನಡೆಸಿದಳು. ಕಟ್ಟಡ ಸಾಲದೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿದ್ದ ಶಾಲೆ ಅದು. ಬ್ರೌನ್ ತೀರ್ಪಿನೊಳಗೆ ಸೇರಿದ ಐದು ಮೊಕದ್ದಮೆಗಳಲ್ಲಿ ಒಂದು ಹುಟ್ಟಿದ್ದು ಇಲ್ಲಿ. ಅದನ್ನು ನಡೆಸಿದ ವಕೀಲರು ಹ್ಯೂಸ್ಟನ್ ಕಾಲೇಜಿನವರೇ ಎನ್ನುತ್ತಾರೆ. ಇರಲಿ. ಮುಷ್ಕರ ಹೂಡಲು ಅವಳಿಗೆ ಯಾವ ವಕೀಲರೂ ಹೇಳಿಕೊಟ್ಟಿರಲಿಲ್ಲ.

ಮೊಕದ್ದಮೆ ಗೆದ್ದ ಮೇಲೆ ಆ ಊರಲ್ಲಿ ಆಗಿದ್ದೇನು? ಕಪ್ಪು ಮಕ್ಕಳ ಜೊತೆ ಓದಿಸುವುದಕ್ಕಿಂತ ಮುಚ್ಚುವುದೇ ಮೇಲು ಎಂದು ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, 1959ರಲ್ಲಿ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿದರು. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ತೆರೆದರು. ಶಾಲೆಗಳ ಬೀಗ ತೆಗೆದದ್ದು 1964ರಲ್ಲಿ. ಅಷ್ಟೂ ವರ್ಷ ಕೆಲವು ಕಪ್ಪು ಮಕ್ಕಳು ನೆಂಟರ ಊರಿಗೆ ಹೋಗಿ ಓದಿದರು. ಎಷ್ಟೋ ಮಕ್ಕಳು ಓದಲೇ ಇಲ್ಲ. ಆ ತೀರ್ಪಿಗೆ ಬೆಲೆ ತೆತ್ತವರು ಅವರು, ಕೀರ್ತಿಯ ಮೊದಲ ಪಾಲೂ ಅವರದ್ದೇ.