'ಅಂತೆ' ಕಂಡಲ್ಲೆಲ್ಲ ಉಪಮೆಯಲ್ಲ

'ಕಾದಂಬರಿಯಲ್ಲಿ ಅಂತೆ, ಹಾಗೆ, ಥರ ಕಂಡಲ್ಲೆಲ್ಲ ಗೆರೆ ಎಳೆಯಿರಿ, ಅದೇ ಉಪಮೆ' ಎಂದು ಅಲಂಕಾರ ಗುರುತಿಸುವುದರ ಬಗೆಗಿನ ಲೇಖನವೊಂದು ಮಕ್ಕಳಿಗೆ ಹೇಳಿಕೊಟ್ಟಿರುವುದು ಅರ್ಧ ಮಾತ್ರ ಸರಿ. ಆ ಲೆಕ್ಕದಲ್ಲಿ 'ಆಗುಂಬೆ ಘಾಟಿಯಲ್ಲಿ ಮರ ಬಿತ್ತಂತೆ' ಎಂಬುದಕ್ಕೂ ಗೆರೆ ಬೀಳುತ್ತದೆ. ಅದು ಬರೀ ಕೇಳಿದ ಸುದ್ದಿ. 'ಅಪ್ಪ ಹೇಳಿದಂತೆ ಅಡಿಕೆ ಕೊನೆ ತೆಗೆದ' ಎನ್ನುವಲ್ಲೂ ಹೋಲಿಕೆಯಿಲ್ಲ.

ಮೊದಲು ಎರಡು ಬೇರೆ ವಸ್ತು ಇವೆಯೇ ನೋಡಿ. 'ಆಕಾಶ ಬಚ್ಚಲ ಹಂಡೆಯ ತಳದಂತಿತ್ತು': ಆಕಾಶ ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಹಂಡೆಯ ತಳ ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), 'ಅಂತೆ' ವಾಚಕ (ಹೋಲಿಕೆ ತೋರಿಸುವ ಪದ). ನಾಲ್ಕನೆಯದಾದ ಸಮಾನ ಧರ್ಮವನ್ನು, ಅಂದರೆ ಎರಡಕ್ಕೂ ಇರುವ ಕಪ್ಪು ಎಂಬ ಗುಣವನ್ನು, ಹೇಳಿಲ್ಲ, ಆದ್ದರಿಂದ ಲುಪ್ತೋಪಮೆ. 'ತಳದಂತೆ ಕಪ್ಪಗಿತ್ತು' ಎಂದಿದ್ದರೆ ಪೂರ್ಣೋಪಮೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಈ ನಾಲ್ಕನೆಯದರಲ್ಲೇ.

ಇನ್ನು ತೇಜಸ್ವಿಯವರ 'ಕರ್ವಾಲೊ'ದ (1980) ಹಾರುವ ಓತಿಯನ್ನು ಅದೇ ಲೇಖನ 'ರೂಪಕಾಲಂಕಾರ' ಎಂದಿರುವುದನ್ನಂತೂ ಒಪ್ಪಲಾರೆ. ರೂಪಕ, ಅಂದರೆ ಉಪಮೇಯ ಉಪಮಾನ ಎರಡೂ ಒಂದೇ ಎಂದು ಹೇಳುವುದು, ವಾಕ್ಯದೊಳಗಿನ ಕೆಲಸ. 'ಮುಖಕಮಲ'ವನ್ನು ಬಿಡಿಸಿ 'ಕಮಲದಂತಹ ಮುಖ' ಮಾಡಬಹುದು. ಓತಿಗೆ ಹಾಗೆ 'ಅಂತೆ' ಹಚ್ಚಲು ಪಕ್ಕದಲ್ಲಿ ಉಪಮೇಯವೇ ಇಲ್ಲ. ಅದು ಮೊದಲು ಪಶ್ಚಿಮ ಘಟ್ಟದ ನಿಜವಾದ ಪ್ರಾಣಿ. ಕಾದಂಬರಿಯಲ್ಲಿ ಅದರ ಹುಡುಕಾಟ ಮುಂದುವರಿದ ಹಾಗೆ ಅರ್ಥ ಅದರ ಮೇಲೆ ಕೂಡುತ್ತಾ ಹೋಗಿ, ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿಹೋದಾಗ ತುಂಬಿಕೊಳ್ಳುತ್ತದೆ. ಇದನ್ನು ಸಂಕೇತ ಎನ್ನಬೇಕು. ಗುರುತಿಸಲು ಒಂದು ವಾಕ್ಯ ಸಾಲದು, ಅದು ಬರುವ ಜಾಗಗಳನ್ನೆಲ್ಲ ಪುಟಸಂಖ್ಯೆ ಸಮೇತ ಬರೆದಿಟ್ಟುಕೊಳ್ಳಬೇಕು.

ಹಾಗಂತ ಸಿಕ್ಕಿದ್ದಕ್ಕೆಲ್ಲ ಸಂಕೇತದ ಚೀಟಿ ಅಂಟಿಸಬೇಡಿ. ಮಲೆನಾಡಿನ ಕಾದಂಬರಿಯಲ್ಲಿ ಜುಲೈ ತಿಂಗಳು ಕಾಲಿಗೆ ಇಂಬಳ (ಜಿಗಣೆ) ಹತ್ತಿದರೆ, ಬಹುಪಾಲು ಅದು ಇಂಬಳವೇ.