ಮಿಕ್ಸೋಮಾದಿಂದ ಪಾರ್ಶ್ವವಾಯು: ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಕೇ?

ಪರ

ಎಡ ಹೃತ್ಕರ್ಣದಲ್ಲಿ, ಸಾಮಾನ್ಯವಾಗಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ಬೆಳೆಯುವ ಮಿಕ್ಸೋಮಾ ಕ್ಯಾನ್ಸರ್ ಗಡ್ಡೆಯಲ್ಲ. ಆದರೆ ಅದರ ಚೂರೊಂದು ಕಳಚಿ ರಕ್ತದೊಡನೆ ಮಿದುಳಿಗೆ ಹೋದರೆ, ಬಿಪಿಯಾಗಲಿ ಸಕ್ಕರೆ ಕಾಯಿಲೆಯಾಗಲಿ ಇಲ್ಲದ ನಲವತ್ತರ ಹೆಂಗಸಿಗೂ ಇದ್ದಕ್ಕಿದ್ದಂತೆ ಬಲಗೈ ಬಿದ್ದುಹೋಗಿ ಮಾತು ನಿಂತುಬಿಡಬಹುದು. ಆಕೆಯನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದಾಗ ಗಡ್ಡೆಯ ಸುಳಿವು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದ ಮೇಲೂ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಆಗಲಿ ಎಂದು ಕಾಯುತ್ತ ಕುಳಿತರೆ, ಹೆಪ್ಪು ಕರಗಿಸುವ ಚುಚ್ಚುಮದ್ದಾದ ಆಲ್ಟಿಪ್ಲೇಸ್ ಕೊಡಲು ಲಕ್ಷಣಗಳು ಶುರುವಾದಾಗಿನಿಂದ ಇರುವ ನಾಲ್ಕೂವರೆ ಗಂಟೆಯ ಅವಧಿ ಕೈಜಾರುತ್ತದೆ. ಕಳಚಿದ್ದು ಗಡ್ಡೆಯ ಚೂರೇ ಆಗಿರಬೇಕೆಂದೂ ಇಲ್ಲ. ಗಡ್ಡೆಯ ಮೇಲೆ ಕಟ್ಟಿಕೊಂಡಿದ್ದ ರಕ್ತದ ಹೆಪ್ಪಾಗಿದ್ದರೆ ಈ ಔಷಧ ಅದನ್ನು ಕರಗಿಸಬಲ್ಲದು. ತೀವ್ರ ಅಂಗವೈಕಲ್ಯ ತರಬಹುದಾದ ಪಾರ್ಶ್ವವಾಯುವಾದರೆ ಮಿಕ್ಸೋಮಾ ಇದ್ದರೂ ಆಲ್ಟಿಪ್ಲೇಸ್ ಕೊಡಬಹುದೆಂದು ಅಮೆರಿಕದ ಹೃದಯ ಸಂಘದ 2019ರ ಮಾರ್ಗಸೂಚಿಯೂ ಹೇಳುತ್ತದೆ.

ವಿರೋಧ

ಆ ಶಿಫಾರಸು ದುರ್ಬಲ ದರ್ಜೆಯದು. ಅದರ ಹಿಂದೆ ಇರುವುದು ದೊಡ್ಡ ಪ್ರಯೋಗಗಳಲ್ಲ, ಬಿಡಿ ರೋಗಿಗಳ ವರದಿಗಳು. ಆಲ್ಟಿಪ್ಲೇಸ್ ಒಡೆಯುವುದು ಹೆಪ್ಪನ್ನು ಹಿಡಿದಿಡುವ ಫೈಬ್ರಿನ್ ಎಂಬ ಪ್ರೋಟೀನ್ ಎಳೆಗಳ ಜಾಲವನ್ನು. ಮಿಕ್ಸೋಮಾದ ಚೂರಾದರೋ ಲೋಳೆಯಂಥ ಅಂಗಾಂಶ, ಅದು ಈ ಔಷಧಕ್ಕೆ ಜಗ್ಗುವುದಿಲ್ಲ. ಹಿಂದೆಯೇ ಬಂದು ಸೇರಿದ ಚೂರುಗಳು ಮಿದುಳಿನ ರಕ್ತನಾಳದ ಗೋಡೆಯನ್ನು ಕೊರೆದು ಅನ್ಯೂರಿಸಂ (ನಾಳದ ಗೋಡೆ ದುರ್ಬಲವಾಗಿ ಉಬ್ಬುವುದು) ಉಂಟುಮಾಡಿದ್ದರಂತೂ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು.

ದೊಡ್ಡ ನಾಳ ಮುಚ್ಚಿದ್ದರೆ ತೊಡೆಸಂದಿನಿಂದ ಕ್ಯಾತಿಟರ್ ತೂರಿಸಿ ಚೂರನ್ನೇ ಹೊರಗೆಳೆಯುವ ಥ್ರಾಂಬೆಕ್ಟಮಿ ಹೆಚ್ಚು ನೇರವಾದ ದಾರಿ. ಹೊರಬಂದದ್ದು ಕೆಂಪು ಹೆಪ್ಪಿನಂತಿರದೆ ಬಿಳಿಚಿಕೊಂಡು ಲೋಳೆಲೋಳೆಯಾಗಿದ್ದರೆ ಸಂಶಯ ಹುಟ್ಟುತ್ತದೆ, ಪೆಥಾಲಜಿ ಪರೀಕ್ಷೆಯಲ್ಲಿ ರೋಗವೂ ಪತ್ತೆಯಾಗುತ್ತದೆ. ಆದರೆ ಈ ಸೌಲಭ್ಯ ನಮ್ಮಲ್ಲಿ ಹೆಚ್ಚಾಗಿ ದೊಡ್ಡ ನಗರಗಳಿಗೇ ಸೀಮಿತ ಎಂಬುದನ್ನು ಒಪ್ಪಲೇಬೇಕು. ದೂರದ ತಾಲ್ಲೂಕಿನ ರೋಗಿಯ ಮಟ್ಟಿಗೆ ನನ್ನ ವಾದ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಎಕೋದಲ್ಲಿ ಗಡ್ಡೆ ಮೊದಲೇ ಕಂಡಿದ್ದವರ ವಿಷಯ ಬೇರೆ. ಅವರಿಗೆ ಶಾಶ್ವತ ಪರಿಹಾರವೆಂದರೆ ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ 1954ರಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿ ತೋರಿಸಿದಂತೆ, ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಎದೆ ತೆರೆದು ಗಡ್ಡೆಯನ್ನು ಬುಡಸಹಿತ ತೆಗೆಯುವುದು. ಆ ಯಂತ್ರಕ್ಕೆ ಜೋಡಿಸಬೇಕಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಲೇಬೇಕು. ಆಲ್ಟಿಪ್ಲೇಸ್‌ನಿಂದ ಮಿದುಳಿನಲ್ಲಿ ರಕ್ತ ಸೋರಿತೆಂದರೆ ಹೆಪಾರಿನ್ ಕೊಡುವಂತಿಲ್ಲ, ಶಸ್ತ್ರಚಿಕಿತ್ಸೆ ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ, ಅಷ್ಟೂ ಕಾಲ ಇನ್ನೊಂದು ಚೂರು ಕಳಚುವ ಸಂಭವ ಹಾಗೆಯೇ ಉಳಿದಿರುತ್ತದೆ.